ಸೋಲಿನ ಸಾಕ್ಷ್ಯ

ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿ 1983ರಲ್ಲಿ ‘ಲೆಟ್ಸ್ ಡ್ಯಾನ್ಸ್’ ಆಲ್ಬಮ್ಮಿನಿಂದ ಲೋಕವನ್ನೇ ಗೆದ್ದ. ಆ ಗೆಲುವಿನ ಬೆನ್ನಿಗೆ, 1987ರಲ್ಲಿ ಬಂದ ‘ನೆವರ್ ಲೆಟ್ ಮಿ ಡೌನ್’ ಆಲ್ಬಮ್ಮನ್ನು ವಿಮರ್ಶಕರು ಹಳಿದರು. ಗಾಯಕನೂ ಅದಕ್ಕಾಗಿ ನೊಂದುಕೊಂಡ. ಅದರ ‘ಟೂ ಡಿಝಿ’ ಹಾಡನ್ನಂತೂ ಮುಂದಿನ ಮುದ್ರಣಗಳಿಂದ ತೆಗೆದೇಬಿಟ್ಟರು.

ಬೋವಿ 2016ರಲ್ಲಿ ತೀರಿಕೊಂಡ. 2018ರಲ್ಲಿ ಆತನ ಕಂಠವನ್ನು ಉಳಿಸಿಕೊಂಡು, ಹಿಮ್ಮೇಳವನ್ನು ಹೊಸದಾಗಿ ನುಡಿಸಿ, ಆಲ್ಬಮ್ಮನ್ನು ಮತ್ತೆ ಹೊರತಂದರು. ಅಂಥ ತಿದ್ದುಪಡಿ ಆತನೇ ಬಯಸಿದ್ದು. ಹಾಡುಗಳಿಗೆ ಒಡವೆಯ ಭಾರವೇ ಹೆಚ್ಚಾಗಿತ್ತೆಂದು ಈಗ ಅನೇಕ ಅಭಿಮಾನಿಗಳಿಗೆ ಹೊಳೆಯಿತು.

ಆದರೂ ಹಳೆಯದನ್ನು ಮರೆಯಲಾಗದು. ಜನಪ್ರಿಯತೆ ಕಲಾವಿದನನ್ನು ಹೇಗೆ ಕಟ್ಟಿಹಾಕೀತೆಂಬುದಕ್ಕೆ ಆ ಸೋಲೇ ಸಾಕ್ಷಿ. ಹಾಡನ್ನು ತಿದ್ದಬಹುದು, ಸಾಕ್ಷಿಯನ್ನು ತಿದ್ದಬಾರದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳುವುದೇ ಸಹೃದಯರಿಗೆ ಒಪ್ಪುವ ಹಾದಿ.