ಮೂರು ನೋಡ್, ಒಂದು ಸರ್ವಿಸ್ ಫೈಲ್
ಹಲವು ಯಂತ್ರಗಳಲ್ಲಿ, ಅಂದರೆ ನೋಡ್‌ಗಳಲ್ಲಿ, ಒಂದೇ ದತ್ತಾಂಶ ಇಡುವ ಕ್ಲಸ್ಟರ್ ಡೇಟಾಬೇಸಿನ ಉದ್ದೇಶವನ್ನು ಕಲಬುರಗಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಶರಣಬಸವೇಶ್ವರ ದೇವಸ್ಥಾನದ ದಾಸೋಹದ ಹಾಗೆ, ಒಂದು ಒಲೆ ಆರಿದರೂ ಪಂಕ್ತಿ ನಿಲ್ಲಕೂಡದು. ಆದರೆ ಆ ಡೇಟಾಬೇಸನ್ನು ಲಿನಕ್ಸ್ ಯಾವಾಗ ಎಬ್ಬಿಸಬೇಕು, ಎಷ್ಟು ಹೊತ್ತು ಕಾಯಬೇಕು, ಬಿದ್ದರೆ ಮತ್ತೆ ಏಳಿಸಬೇಕೇ ಎಂಬುದನ್ನು ತೀರ್ಮಾನಿಸುವ ಸರ್ವಿಸ್ ಸೆಟ್ಟಿಂಗ್‌ಗಳು ಎಂದೂ ಗಂಭೀರ ಚರ್ಚೆಗೆ ಬಂದಿಲ್ಲ. ಕ್ಲೌಡ್ ಬಂದ ಮೇಲೆ ಅವುಗಳ ಕಾಲವೇ ಮುಗಿಯಿತು ಎನ್ನುವವರೂ ಇದ್ದಾರೆ. ಈ ಅಲಕ್ಷ್ಯ ಅಪಾಯಕಾರಿ. ಒಂದೇ ಯಂತ್ರದಲ್ಲಿ ತಪ್ಪು ಸೆಟ್ಟಿಂಗ್ ಸೇವೆಯನ್ನು ನಿಲ್ಲಿಸೀತು. ಕ್ಲಸ್ಟರಿನಲ್ಲಿ ಅದು ದತ್ತಾಂಶವನ್ನೇ ಇಬ್ಭಾಗ ಮಾಡೀತು.

ಈ ಸೆಟ್ಟಿಂಗ್‌ಗಳ ಇತಿಹಾಸದ ಮೊದಲ ಘಟ್ಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1995ರಲ್ಲಿ ಹುಟ್ಟಿದ ಮೈಎಸ್‌ಕ್ಯೂಎಲ್ ಬಹುಕಾಲ ಶೆಲ್ ಸ್ಕ್ರಿಪ್ಟುಗಳ ಆಸರೆಯಲ್ಲೇ ನಡೆಯಿತು. ಲಿನಕ್ಸ್ ಸೇವೆಗಳನ್ನು ಎಬ್ಬಿಸಲು 2006ರಲ್ಲಿ ಉಬುಂಟು ತಂದ ಅಪ್‌ಸ್ಟಾರ್ಟ್ ಹೆಚ್ಚು ಕಾಲ ಬಾಳಲಿಲ್ಲ. ಅದೇ ಕೆಲಸಕ್ಕೆ 2010ರಲ್ಲಿ ಬಂದ ಸಿಸ್ಟಮ್‌ಡಿ 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ಕ್ಕೆ, 2015ರಲ್ಲಿ ಡೆಬಿಯನ್ 8ಕ್ಕೆ ಕಾಲಿಟ್ಟಿತು. ಅದೇ 2015ರಲ್ಲಿ ಮೈಎಸ್‌ಕ್ಯೂಎಲ್‌ನ ಕವಲಾದ ಮಾರಿಯಾಡಿಬಿ ತನ್ನ 10.1 ಆವೃತ್ತಿಯಲ್ಲಿ ಗಲೇರಾ ಎಂಬ ಕ್ಲಸ್ಟರ್ ವ್ಯವಸ್ಥೆಯನ್ನು ಒಳಗೇ ಸೇರಿಸಿಕೊಂಡಿತು, ಸಿಸ್ಟಮ್‌ಡಿಗೂ ಹೊಂದಿಕೊಂಡಿತು. ಸರ್ವಿಸ್ ಸೆಟ್ಟಿಂಗ್ ಬರೆಯುವ ವಿದ್ಯೆಗೆ ನಿಜವಾದ ಶಿಸ್ತು ಬಂದದ್ದು ಇಲ್ಲಿಂದ. ಹಳೆಯ ಪದ್ಧತಿಯೇ ಸರಳವಾಗಿತ್ತು ಎಂಬ ಹಳಹಳಿಕೆಯನ್ನು ನಾನು ಒಪ್ಪುವುದಿಲ್ಲ. ಆ ಸರಳತೆಯಲ್ಲಿ ಯಾವ ಮಿತಿ ಎಲ್ಲಿ ಜಾರಿಯಾಯಿತೆಂದು ಪತ್ತೆಹಚ್ಚುವುದೇ ಕಷ್ಟವಿತ್ತು.

ಸಿಸ್ಟಮ್‌ಡಿ ಕೊಟ್ಟ ದೊಡ್ಡ ಸೌಲಭ್ಯ ಡ್ರಾಪ್-ಇನ್ ಫೈಲ್. ಪ್ಯಾಕೇಜಿನ ಮೂಲ ಸರ್ವಿಸ್ ಫೈಲನ್ನು ಮುಟ್ಟದೆ, ಬದಲಾಗಬೇಕಾದ ಒಂದೆರಡು ಸಾಲುಗಳನ್ನಷ್ಟೇ ಬೇರೆ ಕಡತದಲ್ಲಿ ಬರೆಯುವ ಕ್ರಮವಿದು. ಇಡೀ ಫೈಲನ್ನು ನಕಲು ಮಾಡಿ ತಿದ್ದಿದರೆ ಆ ನಕಲೇ ಮೇಲುಗೈ ಪಡೆಯುತ್ತದೆ. ಪ್ಯಾಕೇಜ್ ಮುಂದೆ ತರುವ ಸುಧಾರಣೆಗಳು ಯಂತ್ರಕ್ಕೆ ತಲುಪುವುದೇ ಇಲ್ಲ. ಕುಸಿದ ನೋಡ್ ಯಾವ ವಹಿವಾಟಿನವರೆಗೆ ಬಂದಿತ್ತೆಂದು ಹುಡುಕುವ ಗಲೇರಾದ ಪೂರ್ವಸಿದ್ಧತೆಯ ಸಾಲೂ ಅದೇ ಮೂಲ ಫೈಲಿನಲ್ಲಿದೆ ಎಂಬುದನ್ನು ನೆನೆದರೆ ಈ ನಷ್ಟದ ತೂಕ ತಿಳಿಯುತ್ತದೆ. ಕಾಲಮಿತಿಯದು ಇನ್ನೊಂದು ಪಾಠ. ಸೇವೆ ಎದ್ದು ನಿಲ್ಲಲು ಸಿಸ್ಟಮ್‌ಡಿ ತಾನಾಗಿ ಕೊಡುವ ಅವಧಿ 90 ಸೆಕೆಂಡು. ಹೊಸ ನೋಡ್ ಸೇರುವಾಗ ಇಡೀ ದತ್ತಾಂಶ ಅದಕ್ಕೆ ಹರಿಯಬೇಕು. 500 ಗಿಗಾಬೈಟ್ ದತ್ತಾಂಶ ಸೆಕೆಂಡಿಗೆ 1 ಗಿಗಾಬಿಟ್ ಜಾಲದಲ್ಲಿ ದಾಟಲು ಒಂದು ಗಂಟೆಗೂ ಮಿಕ್ಕಿ ಬೇಕು. ಮಿತಿ ಸಾಲದಿದ್ದರೆ ಸಿಸ್ಟಮ್‌ಡಿ ಆ ನೋಡನ್ನು ಅರ್ಧದಲ್ಲೇ ಕೊಲ್ಲುತ್ತದೆ. ಕೆಲಸ ನಡೆದಿದೆ, ಇನ್ನಷ್ಟು ಕಾಯಿ ಎಂದು ಸೇವೆಯೇ ತಿಳಿಸುವ ಏರ್ಪಾಡು ಬಂದದ್ದು 2017ರ ಕೊನೆಗೆ, ಸಿಸ್ಟಮ್‌ಡಿಯ 236ನೇ ಆವೃತ್ತಿಯಲ್ಲಿ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಬೂಟ್‌ಸ್ಟ್ರಾಪ್ ವಿಷಯದಲ್ಲಿ. ಮೊದಲ ನೋಡಿಗೆ 'ಹೊಸ ಕ್ಲಸ್ಟರ್ ಕಟ್ಟು' ಎಂಬ ಆಜ್ಞೆ ಒಮ್ಮೆ ಮಾತ್ರ ಸಲ್ಲಬೇಕು. ಅದಕ್ಕೆಂದೇ ಪ್ರತ್ಯೇಕ ಸ್ಕ್ರಿಪ್ಟ್ ಇದೆ. ಅನುಕೂಲಕ್ಕೆಂದು ಆ ಆಜ್ಞೆಯನ್ನು ಡ್ರಾಪ್-ಇನ್‌ನಲ್ಲಿ ಕಾಯಂ ಬರೆದರೆ, ಮುಂದಿನ ರೀಬೂಟಿನಲ್ಲಿ ಆ ನೋಡ್ ಉಳಿದೆರಡನ್ನು ಬಿಟ್ಟು ತನ್ನದೇ ಕ್ಲಸ್ಟರ್ ಹೂಡೀತು. ಎರಡೂ ಕಡೆ ಬರಹ ನಡೆದ ಮೇಲೆ ಅವನ್ನು ಕೂಡಿಸುವುದು ಯಂತ್ರದ ಕೈಯಲ್ಲಿಲ್ಲ.

ಕಂಟೇನರುಗಳನ್ನು ನಡೆಸುವ ಕುಬರ್ನೆಟೀಸ್ ಇರುವಾಗ ಇದೆಲ್ಲ ಏಕೆ ಎಂಬ ಆಕ್ಷೇಪಕ್ಕೆ ಅಲ್ಲಿಯೇ ಉತ್ತರವಿದೆ. ಅದೂ ಪಾಡ್ ಎಂಬ ಕಂಟೇನರ್ ಗುಂಪನ್ನು ಬಲವಂತವಾಗಿ ನಿಲ್ಲಿಸುವ ಮುನ್ನ ತಾನಾಗಿ ಕಾಯುವುದು 30 ಸೆಕೆಂಡು ಮಾತ್ರ. ಸೆಟ್ಟಿಂಗಿನ ಹೆಸರು ಬದಲಾಗಿದೆ, ಪ್ರಶ್ನೆ ಬದಲಾಗಿಲ್ಲ. ಬಾಡಿಗೆಯ ಡೇಟಾಬೇಸಿನಲ್ಲೂ ಈ ಹೊಣೆ ಇನ್ನೊಬ್ಬರ ಹೆಗಲಿಗೆ ಹೋಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಆ ಇನ್ನೊಬ್ಬರು ನಮ್ಮ ಮಕ್ಕಳೇ ಏಕಾಗಬಾರದು? ಡೇಟಾಬೇಸ್ ಪಾಠ ನಾರ್ಮಲೈಸೇಶನ್ ಬಳಿ, ಆಪರೇಟಿಂಗ್ ಸಿಸ್ಟಮ್ ಪಾಠ ಶೆಡ್ಯೂಲಿಂಗ್ ಬಳಿ ನಿಂತರೆ ಇವೆರಡು ಕೂಡುವ ಜಾಗ ಯಾರ ಪಾಲಿಗೂ ಬರುವುದಿಲ್ಲ. ಕಲಬುರಗಿಯಲ್ಲಿ 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ. ದೇವಸ್ಥಾನದ ದಾಸೋಹ ಪರಂಪರೆಯ ವಿದ್ಯಾಸಂಸ್ಥೆಗಳಿಂದ 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯವೂ ಮೂಡಿದೆ. ಇಂಥ ಕಡೆಗಳ ಅಧ್ಯಾಪಕರಲ್ಲಿ ಒಂದು ವಿನಂತಿ: ಒಂದೇ ಕಂಪ್ಯೂಟರಿನಲ್ಲಿ ಮೂರು ವರ್ಚುವಲ್ ಯಂತ್ರ ಹೂಡಿ ಗಲೇರಾ ಕಟ್ಟಿಸಿ, ಒಂದನ್ನು ಬೇಕೆಂದೇ ಬೀಳಿಸಿ, ಅದನ್ನು ಮತ್ತೆ ಸೇರಿಸುವ ಸರ್ವಿಸ್ ಫೈಲನ್ನು ವಿದ್ಯಾರ್ಥಿಗಳಿಂದಲೇ ಬರೆಸಿ.