ದಾಸೋಹದ ಊಟ, ಕಾನೂನಿನ ಅಕ್ಕಿ

ಹಳ್ಳಿಯ ಬಡ ಹುಡುಗ ಮೈಸೂರಿಗೆ ಬಂದು ಓದುವುದೆಂದರೆ ಒಂದು ಕಾಲದಲ್ಲಿ ಫೀಸಿಗಿಂತ ಊಟದ್ದೇ ದೊಡ್ಡ ಚಿಂತೆ. ಕೆಲವರಿಗೆ ವಾರಾನ್ನ ಸಿಗುತ್ತಿತ್ತು, ಹಲವರಿಗೆ ಅದೂ ಇಲ್ಲ. 1941ರಲ್ಲಿ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮೀಜಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ ಹುಟ್ಟಿದ್ದು ಇಂಥ ಹಾಸ್ಟೆಲ್ ಅನ್ನದಿಂದಲೇ.

ಆದರೆ ಮಠದ ಪಂಕ್ತಿಗೆ ಬಂದವರಿಗೆ ಮಾತ್ರ ಊಟ. ಊರಲ್ಲೇ ಉಳಿದ ಕೂಲಿಯವರ ಮಗುವಿಗೆ?

ಇದಕ್ಕೆ ಉತ್ತರ ಕೋರ್ಟಿನಿಂದ ಬಂತು. 2001ರಲ್ಲಿ ಒಂದು ಕಡೆ ಬರ, ಇನ್ನೊಂದು ಕಡೆ ಸರ್ಕಾರಿ ಗೋದಾಮುಗಳ ತುಂಬ ಧಾನ್ಯ. ಪಿಯುಸಿಎಲ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟ ಕೊಡಲೇಬೇಕು ಎಂದು ಆ ವರ್ಷದ ನವೆಂಬರ್ 28ರಂದು ಆದೇಶವಾಯಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಶುರುವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಇಟ್ಟ ಹೆಸರು 'ಅಕ್ಷರ ದಾಸೋಹ'. ಶರಣರ ಮಾತು ಸರ್ಕಾರದ ಯೋಜನೆಯಾಯಿತು.

2013ರ ಜುಲೈನಲ್ಲಿ ಮೈಸೂರು ಸೀಮೆಯವರೇ ಆದ ಸಿದ್ದರಾಮಯ್ಯ ಅನ್ನಭಾಗ್ಯ ತಂದರು. ಅದೇ ವರ್ಷ ಸಂಸತ್ತು ಆಹಾರ ಭದ್ರತಾ ಕಾಯ್ದೆ ಮಾಡಿತು. ರೇಷನ್ ಅಕ್ಕಿ ದಾನವಲ್ಲ, ಹಕ್ಕು ಎಂದಾಯಿತು.

ಈ ಹಕ್ಕನ್ನು ಕಾಯುವವರು ಯಾರು? ಮಠಗಳ ಮಾತಿಗೆ ತೂಕವಿದೆ. 2021ರ ಡಿಸೆಂಬರಿನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ಹಲವು ಸ್ವಾಮೀಜಿಗಳು ಬೇಡವೆಂದರು. ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ನಮಗೆ ಮೊಟ್ಟೆ ಬೇಕು ಎಂದಳು. ಮೊಟ್ಟೆ ಉಳಿಯಿತು, ತಿನ್ನದವರಿಗೆ ಬಾಳೆಹಣ್ಣು ಬಂತು. ತಟ್ಟೆಯಲ್ಲಿ ಏನಿರಬೇಕು ಎಂದು ರಾಜ್ಯವೆಲ್ಲ ಕೇಳುವಂತೆ ಮಾತಾಡಬಲ್ಲವರು, ತಟ್ಟೆಯೇ ಸಿಗದವರ ಪರವಾಗಿಯೂ ಮಾತಾಡಬಹುದಲ್ಲ?

ಅಮೆರಿಕದಲ್ಲಿ ಈ ಕೆಲಸ ನಡೆದಿದೆ. 1974ರಲ್ಲಿ ಆರ್ಥರ್ ಸೈಮನ್ ಎಂಬ ಪಾದ್ರಿ 'ಬ್ರೆಡ್ ಫಾರ್ ದ ವರ್ಲ್ಡ್' ಎಂಬ ಸಂಸ್ಥೆ ಕಟ್ಟಿದರು. ಅದು ಊಟ ಹಂಚುವುದಿಲ್ಲ. ಬಡವರ ಆಹಾರ ನೆರವು ಕಡಿತ ಮಾಡಬೇಡಿ ಎಂದು ಚರ್ಚಿಗೆ ಬಂದ ಜನರಿಂದ ಸಂಸದರಿಗೆ ಪತ್ರ ಬರೆಸುತ್ತದೆ. ಕಾಣಿಕೆಯ ಜೊತೆ ಪತ್ರವನ್ನೂ ಅರ್ಪಿಸುತ್ತಾರೆ.

ನಮ್ಮಲ್ಲೂ ಬರೆಯಬೇಕಾದ್ದು ಇದೆ. ಕಾಯ್ದೆಯಡಿ ಎಷ್ಟು ಜನರಿಗೆ ಧಾನ್ಯ ಎಂಬ ಲೆಕ್ಕ ಇನ್ನೂ 2011ರ ಜನಗಣತಿಯದ್ದೇ. ಅಲ್ಲಿಂದೀಚೆಗೆ ಹುಟ್ಟಿದ ಮಕ್ಕಳು, ಬೇರೆಯಾದ ಮನೆಗಳು ಆ ಲೆಕ್ಕದಲ್ಲಿಲ್ಲ. ಕಾರ್ಡಿಗೆ ಹೆಸರು ಸೇರಿಸಲು ಅಲೆಯುವವರು ನಮ್ಮ ನಿಮ್ಮ ಬೀದಿಯಲ್ಲೇ ಇದ್ದಾರೆ.

ಸುತ್ತೂರು ಜಾತ್ರೆಯ ದಾಸೋಹಕ್ಕೆ ನಮ್ಮ ಹಳ್ಳಿಗಳಿಂದ ಅಕ್ಕಿ, ಬೇಳೆ, ತರಕಾರಿ ಹೋಗುತ್ತದೆ. ಮೂಟೆಯ ಜೊತೆ ಒಂದು ಅರ್ಜಿಯೂ ಹೋಗಲಿ. ಮಠ, ಮಸೀದಿ, ಚರ್ಚು ಯಾವುದೇ ಇರಲಿ, ಅದನ್ನು ಸರ್ಕಾರಕ್ಕೆ ಮುಟ್ಟಿಸಿದರೆ ಅದೂ ದಾಸೋಹವೇ.