ಭೋಗ್ಯದ ಮನೆ

ನಮ್ಮ ಕಡೆ ಮನೆ ಕೊಡುವುದರಲ್ಲಿ ಎರಡು ಬಗೆ. ಒಂದು ತಿಂಗಳ ಬಾಡಿಗೆ, ಇನ್ನೊಂದು ಭೋಗ್ಯ. ದೊಡ್ಡದೊಂದು ಗಂಟನ್ನು ಮನೆಯೊಡತಿಯ ಕೈಗಿಟ್ಟು, ಅವಧಿ ಮುಗಿಯುವ ತನಕ ಬಾಡಿಗೆಯಿಲ್ಲದೆ ವಾಸ ಮಾಡುವುದು, ಬಿಡುವ ದಿನ ಅಷ್ಟೇ ಹಣ ಎಣಿಸಿಕೊಂಡು ಹೋಗುವುದು. ಬೆಂಗಳೂರಿನವರು ಇದನ್ನು ಲೀಸು ಎನ್ನುತ್ತಾರೆ. ಪದ್ಧತಿ ಹಳೆಯದು. ಸ್ವಾಧೀನ ಕೊಟ್ಟು ಸಾಲ ಪಡೆಯುವ ಅಡಮಾನವನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಹೆಸರಿಸಿದೆ. ಆಗ ಭೋಗ್ಯಕ್ಕೆ ಹೋಗುತ್ತಿದ್ದುದು ಹೆಚ್ಚಾಗಿ ಹೊಲ, ತೋಟ.

ಕಿಬ್ಬನಹಳ್ಳಿಯ ಹಳೆಯ ಹೆಂಚಿನ ಮನೆಗಳಲ್ಲಿ ಬಾಡಿಗೆಯವರಿಗೆ ಜಾಗವಾದರೂ ಎಲ್ಲಿತ್ತು? ಕೆಳಗೆ ಜನ, ದನ. ಮೇಲೆ ಅಟ್ಟದ ತುಂಬ ಕಾಯಿ. ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿದ್ದು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವಾಗ ಅದು ಉಂಡೆ ಕೊಬ್ಬರಿ. ನಮ್ಮ ಹೆಂಗಸರಿಗೆ ಆ ಅಟ್ಟವೇ ಬ್ಯಾಂಕು. ಬಾಡಿಗೆ ಮನೆಗಳನ್ನು ಹುಟ್ಟಿಸಿದ್ದು ಕ್ರಾಸು. ತುಮಕೂರಿನಿಂದ ತಿಪಟೂರಿಗೆ ಹೋಗುವ ಹೆದ್ದಾರಿಯನ್ನು ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ರಸ್ತೆ ಕತ್ತರಿಸುವ ಜಾಗ ಅದು. ಅಂಗಡಿಯವರು, ಗ್ಯಾರೇಜಿನವರು, ವರ್ಗವಾಗಿ ಬಂದ ಮೇಷ್ಟ್ರುಗಳು, ನರ್ಸಮ್ಮಂದಿರು, ಎಲ್ಲರಿಗೂ ತಲೆಯ ಮೇಲೊಂದು ಸೂರು ಬೇಕಾಯಿತು.

ನನಗೆ ಗೊತ್ತಿರುವ ಒಬ್ಬ ಅಜ್ಜಿ ಹಾಗೆ ನಾಲ್ಕು ಮನೆಗಳ ಒಂದು ಸಾಲು ಎಬ್ಬಿಸಿದರು. ಮೊದಲ ಮನೆಗೆ ಕೊಬ್ಬರಿ ದುಡ್ಡು, ಚೀಟಿ ದುಡ್ಡು. ಅದನ್ನು ಭೋಗ್ಯಕ್ಕೆ ಕೊಟ್ಟು ಬಂದ ಗಂಟಿನಲ್ಲಿ ಎರಡನೆಯದರ ಗೋಡೆ ಎದ್ದಿತು. ಸಾಲ ಮಾಡಿದೆ ಎಂದು ಅವರು ಒಂದು ದಿನವೂ ಅಂದುಕೊಂಡವರಲ್ಲ. "ಬಡ್ಡಿ ಎಲ್ಲೈತೆ ಮೇಷ್ಟ್ರಮ್ಮ?" ಎನ್ನುತ್ತಿದ್ದರು.

ಬಡ್ಡಿ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ತಿಂಗಳಿಗೆ 2,000 ಬಾಡಿಗೆ ಬರಬಹುದಾದ ಮನೆಯನ್ನು ಒಂದೂವರೆ ಲಕ್ಷಕ್ಕೆ ಭೋಗ್ಯ ಹಾಕಿದರೆ ವರ್ಷಕ್ಕೆ 24,000 ಬಾಡಿಗೆ ಬಿಟ್ಟಂತೆ. ನೂರಕ್ಕೆ 16ರ ಬಡ್ಡಿ! ಕಂದಾಯ, ಸುಣ್ಣಬಣ್ಣದ ಖರ್ಚು ಹೆಚ್ಚಾಗಿ ನಮ್ಮ ತಲೆಗೇ. ಆ ಹಣ ಮದುವೆಗೋ ಒಡವೆಗೋ ಕರಗಿದರೆ ಮನೆ ಕೈಬಿಟ್ಟ ಹಾಗೆಯೇ. ಇನ್ನೊಂದು ಮನೆ ಕಟ್ಟಿದರೆ, ಅದರ ಬಾಡಿಗೆ ಮೊದಲನೆಯದರ ನಷ್ಟಕ್ಕೆ ಸರಿಹೋಗಿ, ಗಂಟು ತೀರಿದ ಮೇಲೆ ಮನೆ ಉಳಿಯುತ್ತದೆ.

ಗಂಟು ತೀರಿಸುವುದೇ ಕಷ್ಟ. ಸಾಲ ರೂಪಾಯಿಯಲ್ಲಿ, ನಮ್ಮ ಗಳಿಕೆ ಕೊಬ್ಬರಿಯಲ್ಲಿ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ ಎಂಟು ಸಾವಿರದ ಆಸುಪಾಸಿಗೆ ಕುಸಿಯಿತು. ಒಂದೂವರೆ ಲಕ್ಷ ಹಿಂತಿರುಗಿಸಲು ಆಗ ಹದಿನೆಂಟು ಕ್ವಿಂಟಲಿಗೂ ಹೆಚ್ಚು ಮಾರಬೇಕು. 2025ರಲ್ಲಿ ಧಾರಣೆ 25,000 ದಾಟಿದಾಗ ಆರು ಕ್ವಿಂಟಲ್ ಸಾಕಾಯಿತು. ಇಳಿದ ವರ್ಷದಲ್ಲಿ ಅಜ್ಜಿ ಮಾಡಿದ್ದು ಎಲ್ಲರೂ ಮಾಡುವುದನ್ನೇ: ಹಳಬರ ಗಂಟನ್ನು ಹೊಸಬರ ಗಂಟಿನಿಂದ ತೀರಿಸಿದರು. ಹೊಸಬರು ಸಿಕ್ಕರು, ಸರಿ. ಸಿಗದವರು ಕತ್ತಿನ ಸರ ಬಿಚ್ಚಿಕೊಟ್ಟದ್ದನ್ನೂ ಕಂಡಿದ್ದೇನೆ.

ಇಷ್ಟಕ್ಕೂ ಅಜ್ಜಿಯ ಹೆಸರಿನಲ್ಲೇ ಪತ್ರವಾದದ್ದು ಹೇಗೆ? ಅದಕ್ಕೊಂದು ಹಿನ್ನೆಲೆ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ತಂದಿತು. ಹೆಂಗಸು ತನ್ನ ದುಡಿಮೆಯಿಂದ ಗಳಿಸಿದ್ದು, ಸ್ತ್ರೀಧನದಿಂದ ಕೊಂಡದ್ದು ಅವಳದೇ ಎಂದಿತು. ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಮಗಳಿಗೂ ಭಾಗ ತೋರಿಸಿತು. ಬ್ರಿಟಿಷ್ ಇಂಡಿಯಾದಲ್ಲಿ 1937ರ ಕಾಯ್ದೆ ವಿಧವೆಗೆ ಕೊಟ್ಟದ್ದು ಬದುಕಿರುವ ತನಕದ ಹಕ್ಕು ಮಾತ್ರ. ಅದು ಪೂರ್ಣ ಹಕ್ಕಾಗಲು 1956 ಬರಬೇಕಾಯಿತು. ಹುಟ್ಟಿನಿಂದಲೇ ಮಗಳಿಗೂ ಪಾಲು ಎಂದು ಕರ್ನಾಟಕ ಹೇಳಿದ್ದು 1994ರಲ್ಲಿ, ಅದೂ ಅಷ್ಟರೊಳಗೆ ಮದುವೆಯಾಗದಿದ್ದವರಿಗೆ. ದೇಶಕ್ಕೆಲ್ಲ ಆದದ್ದು 2005ರಲ್ಲಿ. ನಮ್ಮ ಪಾಠದ ಪುಸ್ತಕಗಳಲ್ಲಿ ಕನ್ನಂಬಾಡಿ ಕಟ್ಟೆಗೆ ಸಿಕ್ಕಷ್ಟು ಜಾಗ 1933ಕ್ಕೂ ಸಿಗಬೇಕಿತ್ತು ಎಂಬುದು ನನ್ನ ಹಟ. ಆದರೂ ಮದುವೆಯಾದ ಹೆಣ್ಣುಮಕ್ಕಳನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು, ಮಡಿಲಿಗೊಂದು ಸೀರೆ ಹಾಕಿ, ಹಕ್ಕು ಬಿಡುಗಡೆಗೆ ಸಹಿ ಹಾಕಿಸುವುದು ನಿಂತಿಲ್ಲ.

ಕಾಗದದ ಮಾತು ಬಂತು. ಹನ್ನೊಂದು ತಿಂಗಳ ಕರಾರು ಬರೆಯುವುದೇಕೆಂದು ಅನೇಕರು ಕೇಳುತ್ತಾರೆ. ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಆ ಖರ್ಚು ತಪ್ಪಿಸಲು ಒಂದು ತಿಂಗಳು ಕಡಿಮೆ. ಭೋಗ್ಯ ಅಡಮಾನವಾದರೆ ನೂರು ರೂಪಾಯಿಯದಾದರೂ ನೋಂದಣಿ ಬೇಕು, ಇಬ್ಬರು ಸಾಕ್ಷಿ ಬೇಕು. ಭೋಗ್ಯ ಬರೆದು 30 ವರ್ಷವಾಯಿತು, ಇನ್ನು ಮನೆ ನಿಮ್ಮದಲ್ಲ ಎಂದು ಹೆದರಿಸುವವರಿದ್ದರು. ಸ್ವಾಧೀನದ ಅಡಮಾನದಲ್ಲಿ ಬರೀ ವರ್ಷ ಕಳೆದ ಮಾತ್ರಕ್ಕೆ ಬಿಡಿಸಿಕೊಳ್ಳುವ ಹಕ್ಕು ಹೋಗದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇನ್ನು ಬ್ಯಾಂಕಿನವರು ಕೇಳುವುದು ಇ-ಸ್ವತ್ತಿನ 9 ಮತ್ತು 11ಎ ನಮೂನೆ. ಅನ್ಯಕ್ರಾಂತವಾಗದ ತೋಟದಂಚಿನಲ್ಲಿ ಕಟ್ಟಿದವರಿಗೆ ಅದು ಸಿಗದೆ, ಅವರು ಮತ್ತೆ ಚೀಟಿ, ಚಿನ್ನ, ಭೋಗ್ಯಕ್ಕೇ ಬರುತ್ತಾರೆ.

ಅಜ್ಜಿಯ ಜಾಗ ಗ್ರಾಮಠಾಣದ್ದು, ಕಾಗದ ಸರಿಯಿದೆ. ಕಳೆದ ವರ್ಷದ ಧಾರಣೆಯಲ್ಲಿ ಮೂರು ಮನೆ ಬಿಡಿಸಿಕೊಂಡು ತಿಂಗಳ ಬಾಡಿಗೆಗೆ ಹಾಕಿದರು. ಮಗನಿಗೂ ಮಗಳಿಗೂ ಎರಡೆರಡೆಂದು ವಿಲ್ ಬರೆಸಿ ರಿಜಿಸ್ಟರ್ ಮಾಡಿಸಿದ್ದಾರೆ. ನಾಲ್ಕನೆಯದು ಇನ್ನೂ ಭೋಗ್ಯದಲ್ಲಿದೆ. ಅದು ಮಗನ ಪಾಲಿಗೆ.